ನಲವತ್ತು ದಾಟಿದವರನ್ನು ಬೀಳಿಸೋಕೇ ಕೋಡಿಂಗ್ ರೌಂಡ್ ಇಟ್ಟಿದ್ದಾರಾ?

ನಾನು ದಾವಣಗೆರೆಯ ಮನೆಯಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುತ್ತೇನೆ, ಇಂಟರ್ವ್ಯೂನೂ ತಗೊಳ್ಳುತ್ತೇನೆ. ಹಾಗಾಗಿ ಊರಿನ ಪರಿಚಯದವರು ಸಿಕ್ಕಾಗೆಲ್ಲ ಮೇಲಿನ ಪ್ರಶ್ನೆ ಕೇಳುತ್ತಾರೆ. ಕೋಡಿಂಗ್ ರೌಂಡ್ ಅಂದರೆ ಇಂಟರ್ವ್ಯೂನಲ್ಲಿ ಎದುರಿಗೇ ಪ್ರೋಗ್ರಾಂ ಬರೆಸುವ ಸುತ್ತು.

ಬೇಕಂತ ಇಟ್ಟಿದ್ದಲ್ಲ. ಆದರೆ ಪೆಟ್ಟು ಜಾಸ್ತಿ ಬೀಳುವುದು ಅವರಿಗೇ.

ಲಿಂಕ್ಡ್ ಲಿಸ್ಟ್ ತಿರುಗಿಸುವುದು, ಬೈನರಿ ಟ್ರೀ, ಅಂದರೆ ಪ್ರೋಗ್ರಾಂನಲ್ಲಿ ಮಾಹಿತಿ ಜೋಡಿಸಿಡುವ ವಿಧಾನಗಳು, ಇವೆಲ್ಲ ಇಂಜಿನಿಯರಿಂಗ್ ಎರಡನೇ ವರ್ಷದ ಪಾಠ. ನಮ್ಮೂರಿನ ಇಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿಯಿಂದಲೋ ಯುಬಿಡಿಟಿಯಿಂದಲೋ ಈಗಷ್ಟೇ ಹೊರಬಂದವರಿಗೆ ಬಾಯಿಪಾಠ. ಇಪ್ಪತ್ತು ವರ್ಷ ಕೆಲಸ ಮಾಡಿದವರು ಅದನ್ನು ಕೈಯಾರೆ ಬರೆದಿರುವುದೇ ಇಲ್ಲ, ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ (ಲೈಬ್ರರಿ) ಇರುತ್ತದಲ್ವಾ? ದಿನಾ ಸಂಜೆ ಲೀಟ್‌ಕೋಡ್ ವೆಬ್‌ಸೈಟಿನಲ್ಲಿ ಇಂಥ ಪ್ರಶ್ನೆ ಬಿಡಿಸೋಣ ಅಂದರೆ ಮಕ್ಕಳ ಟ್ಯೂಷನ್, ಅಪ್ಪನ ಬಿಪಿ ಚೆಕಪ್. ತಲೆ ಮಂಕಾಗಿರುವುದಿಲ್ಲ, ಟೈಮ್ ಇರುವುದಿಲ್ಲ.

ಒಬ್ಬರು ಬಂದಿದ್ದರು, ಐವತ್ತರ ಹತ್ತಿರದವರು. ಟ್ರೀ ಪ್ರಶ್ನೆಗೆ ತಡವರಿಸಿದರು. ಸಮಯ ಉಳಿದಿತ್ತು, ನಮ್ಮಲ್ಲಿ ಹಿಂದೆ ಕಾಡಿದ್ದ ಒಂದು ಸಮಸ್ಯೆಯ ಲಾಗ್ (ಸರ್ವರ್ ಬರೆದಿಟ್ಟ ದಾಖಲೆ) ತೋರಿಸಿದೆ. ಸರ್ವರ್ ರೀಸ್ಟಾರ್ಟ್ ಆದ ಕೆಲವು ಗಂಟೆಗೆ ಪೇಮೆಂಟ್ ನಿಧಾನವಾಗಿ, ಆಮೇಲೆ ನಿಂತೇ ಹೋಗುತ್ತಿತ್ತು. ಅವರು ಕೊನೆಯ ಸಾಲಿಂದ ಮೇಲಕ್ಕೆ ಓದುತ್ತಾ ಹೋದರು. 'ಎರರ್ ಬಂದಾಗ ಡೇಟಾಬೇಸ್ ಕನೆಕ್ಷನ್ ವಾಪಸ್ ಬಿಡ್ತಿಲ್ಲ ಅನ್ಸುತ್ತೆ ಸರ್, ಪೂಲ್ ಖಾಲಿಯಾಗ್ತಿದೆ' ಅಂದರು. ಅದೇ ಆಗಿತ್ತು, ಇದ್ದಷ್ಟು ಕನೆಕ್ಷನ್ ಎಲ್ಲ ಸಿಕ್ಕಿಹಾಕಿಕೊಂಡು ಹೊಸ ಪೇಮೆಂಟ್‌ಗೆ ಒಂದೂ ಉಳಿಯುತ್ತಿರಲಿಲ್ಲ. ನಮ್ಮ ತಂಡ ಅದನ್ನು ಹುಡುಕಲು ದಿನಗಟ್ಟಲೆ ಒದ್ದಾಡಿತ್ತು. ಆದರೆ ಮಾರ್ಕ್ಸ್ ಶೀಟಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಟ್ರೀಗೆ ಇತ್ತು. ಕೆಲಸ ಸಿಗಲಿಲ್ಲ. ಈಗಲೂ ನನಗೆ ಸಂಕಟವಾಗುತ್ತದೆ.

ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎದುರಿಗೆ ಯಾರೋ ಕೂತು ನೋಡುತ್ತಿದ್ದರೆ ಅದೇ ಪ್ರಶ್ನೆಗೆ ಅಂಕ ಅರ್ಧಕ್ಕಿಂತ ಕೆಳಗಿಳಿಯಿತಂತೆ. ಅವರೆಲ್ಲ ವಿದ್ಯಾರ್ಥಿಗಳು. ಅಭ್ಯಾಸ ಬಿಟ್ಟು ವರ್ಷಗಳಾದವರ ಪಾಡು ಕೇಳಬೇಕಾ?

ಅಮೆರಿಕದಲ್ಲಿ 40 ದಾಟಿದವರಿಗೆ ವಯಸ್ಸಿನ ನೆಪದಲ್ಲಿ ಕೆಲಸ ನಿರಾಕರಿಸಬಾರದೆಂದು 1967ರಲ್ಲೇ ಕಾನೂನು ಬಂತು. ನಮ್ಮ ಖಾಸಗಿ ಕಂಪನಿಗಳಿಗೆ ಅಂಥ ಕಾನೂನಿಲ್ಲ. ಹಾಗಾಗಿ ಬದಲಾಗಬೇಕಿರುವುದು ಇಂಟರ್ವ್ಯೂ ತಗೊಳ್ಳುವ ನಮ್ಮಂಥವರೇ. ಕೆಟ್ಟುನಿಂತ ಒಂದು ಪ್ರೋಗ್ರಾಂ ಕೊಡಿ, ಸರಿಮಾಡಲಿ. ಕಾಲೇಜು ಹುಡುಗನಿಗೂ ಅದೇ ಕೊಡಿ.

ಕೆಲಸ ಹುಡುಕುತ್ತಿರುವವರು ಎಚ್‌ಆರ್ ಫೋನ್ ಮಾಡಿದಾಗಲೇ ಯಾವ ಯಾವ ರೌಂಡ್ ಅಂತ ಕೇಳಿಕೊಳ್ಳಿ. ಕೋಡಿಂಗ್ ಇದ್ದರೆ ತಯಾರಿಗೆ ಎರಡು ಮೂರು ವಾರ ಕೇಳಿ. ಡೀಬಗ್ಗಿಂಗ್ ರೌಂಡ್, ಅಂದರೆ ಕೆಟ್ಟ ಪ್ರೋಗ್ರಾಂ ಸರಿಮಾಡುವ ರೌಂಡ್, ಇಡಬಹುದಾ ಅಂತಲೂ ಕೇಳಿ ನೋಡಿ, ಸಂಕೋಚ ಬೇಡ. ನನ್ನನ್ನು ಹಾಗೆ ಕೇಳಿದವರಿಗೆ ನಾನು ಇಟ್ಟಿದ್ದೇನೆ.