ಜಿಬಿ ಕೇಳುವ ಮುನ್ನ ದೇಶಗಳ ಪಟ್ಟಿ ಕೇಳಿ

ಬೆಂಗಳೂರಿನಿಂದ ಯುರೋಪಿಗೆ ಹೊರಡುವ ಗುಂಪುಗಳನ್ನು ಕರೆದೊಯ್ಯುವ ಟೂರ್ ಮ್ಯಾನೇಜರ್ ಕೆಲಸ ನನ್ನದು. ಹೊರಡುವ ಮುನ್ನ ಪ್ರವಾಸಿಗರನ್ನೆಲ್ಲ ಸೇರಿಸಿ ಒಂದು ಸಭೆ ಮಾಡುತ್ತೇವೆ. ಊಟದ ವಿಚಾರ ಮುಗಿಯುತ್ತಿದ್ದಂತೆ ಯಾರಾದರೊಬ್ಬರು ಕೈಯೆತ್ತುತ್ತಾರೆ: "ಸರ್, ಎಷ್ಟು ಜಿಬಿ ಹಾಕಿಸಿಕೊಂಡರೆ ಸಾಕು?" ಬಸ್ಸು ಯಾವ ಯಾವ ದೇಶ ದಾಟುತ್ತದೆ ಎಂಬುದನ್ನು ಮೊದಲು ನೋಡಿ, ಜಿಬಿ ಆಮೇಲೆ ಎಂದು ಹೇಳುತ್ತೇನೆ. ವಿಮಾನದಲ್ಲಿ ಒಂದೇ ದೇಶಕ್ಕೆ ಹೋಗಿ ಬರುವವರಿಗೆ ಈ ಮಾತು ಅಷ್ಟು ಮುಖ್ಯವಲ್ಲ. ರಸ್ತೆಯ ಮೇಲೆ ಹೋಗುವವರಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ನಮ್ಮ ಸಾಮಾನ್ಯ ದಾರಿ ಹೀಗಿರುತ್ತದೆ: ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್, ಸ್ವಿಟ್ಜರ್‌ಲೆಂಡ್‌ನ ರೈನ್ ಜಲಪಾತ, ಲೂಸರ್ನ್, ಪುಟ್ಟ ದೇಶ ಲಿಕ್ಟನ್‌ಸ್ಟೈನ್‌ನ ವಾಡುಜ್, ಆಸ್ಟ್ರಿಯಾದ ಇನ್ಸ್‌ಬ್ರುಕ್, ಅಲ್ಲಿಂದ ವೆನಿಸ್ ಮತ್ತು ರೋಮ್. ಈ ದೇಶಗಳಿಗೆಲ್ಲ ನಡೆಯುವ ಷೆಂಗೆನ್ ವೀಸಾ ಒಂದೇ ಆದ್ದರಿಂದ ಗಡಿಯಲ್ಲಿ ಬಸ್ಸು ನಿಲ್ಲದೆ ದಾಟಿಬಿಡುವುದೇ ಹೆಚ್ಚು. ಹಾಗಾಗಿ ಸಿಮ್ ಕೂಡ ಎಲ್ಲ ಕಡೆ ಒಂದೇ ರೀತಿ ನಡೆಯುತ್ತದೆ ಎಂದು ಜನ ನಂಬಿಬಿಡುತ್ತಾರೆ. ವೀಸಾದ ನಕ್ಷೆ ಬೇರೆ, ಮೊಬೈಲ್‌ನ ನಕ್ಷೆ ಬೇರೆ.

ಯುರೋಪಿಯನ್ ಒಕ್ಕೂಟದೊಳಗೆ 2017ರ ಜೂನ್ 15ರಿಂದ ರೋಮಿಂಗ್‌ಗೆ ಹೆಚ್ಚುವರಿ ಶುಲ್ಕವಿಲ್ಲ. ಈ ನಿಯಮವನ್ನು 2032ರವರೆಗೆ ಮುಂದುವರಿಸಿದ್ದಾರೆ. ಫ್ರಾನ್ಸ್‌ನಲ್ಲಿ ಕೊಂಡ ಸಿಮ್ ಇಟಲಿಯಲ್ಲೂ ಅದೇ ದರದಲ್ಲಿ ನಡೆಯುತ್ತದೆ. ಯುರೋಪಿಯನ್ ಆರ್ಥಿಕ ವಲಯಕ್ಕೆ ಸೇರಿದ ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್‌ಗಳಿಗೂ ಇದು ಅನ್ವಯಿಸುತ್ತದೆ. ಆದರೆ ಸ್ವಿಟ್ಜರ್‌ಲೆಂಡ್ ಷೆಂಗೆನ್‌ನಲ್ಲಿದ್ದರೂ ಒಕ್ಕೂಟದಲ್ಲೂ ಇಲ್ಲ, ಆರ್ಥಿಕ ವಲಯದಲ್ಲೂ ಇಲ್ಲ. ಅಲ್ಲಿ ಆ ನಿಯಮದ ರಕ್ಷಣೆ ಸಿಗುವುದಿಲ್ಲ. ಒಕ್ಕೂಟ ಬಿಟ್ಟ ಬ್ರಿಟನ್‌ನದೂ ಅದೇ ಕಥೆ. ಕೆಲವು ಕಂಪನಿಗಳು ತಾವಾಗಿಯೇ ಈ ಎರಡು ದೇಶಗಳನ್ನು ಪ್ಯಾಕ್‌ನಲ್ಲಿ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. 'ಯುರೋಪ್' ಎಂದು ಹೆಸರಿಟ್ಟು ಮಾರುವ ಇ-ಸಿಮ್‌ಗಳಲ್ಲೂ (ಚಿಪ್ ಹಾಕದೆ ಇಂಟರ್ನೆಟ್ ಮೂಲಕ ಫೋನಿಗೆ ಇಳಿಸಿಕೊಳ್ಳುವ ಸಿಮ್‌ಗಳು) ಇದೇ ವ್ಯತ್ಯಾಸವಿದೆ. ಭಾರತೀಯರು ಯುರೋಪಿನಲ್ಲಿ ಅತಿ ಹೆಚ್ಚು ಫೋಟೊ ತೆಗೆದು ಮನೆಗೆ ಕಳಿಸಲು ಬಯಸುವ ದೇಶವೇ ಸ್ವಿಟ್ಜರ್‌ಲೆಂಡ್. ಅದೇ ದೇಶ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ನೋಡದೆ ಪ್ಯಾಕ್ ಕೊಳ್ಳಬಾರದು.

ಬ್ಲ್ಯಾಕ್ ಫಾರೆಸ್ಟ್‌ನ ಟಿಟಿಸೇ ಸರೋವರದಿಂದ ಹೊರಟ ಮೇಲೆ ಸುಮಾರು ಒಂದು ಗಂಟೆಯಲ್ಲಿ ಸ್ವಿಸ್ ಗಡಿ ಬರುತ್ತದೆ. ಆ ಗಂಟೆಯನ್ನು ನಾನು ಫೋನ್‌ಗಳಿಗೆ ಮೀಸಲಿಡುತ್ತೇನೆ. ಮೈಕ್ ಹಿಡಿದು ಎಲ್ಲರಿಗೂ ಸೆಟ್ಟಿಂಗ್ಸ್ ತೆರೆಯಲು ಹೇಳಿ, ಆಮೇಲೆ ಒಂದೊಂದೇ ಸೀಟಿನ ಬಳಿ ಹೋಗುತ್ತೇನೆ. ಪ್ಯಾಕ್‌ನಲ್ಲಿ ಸ್ವಿಟ್ಜರ್‌ಲೆಂಡ್ ಇಲ್ಲದವರು ಡೇಟಾ ರೋಮಿಂಗ್ ಮುಚ್ಚಿಡಬೇಕು, ಇರುವವರು ತೆರೆದಿಡಬೇಕು. ರೈನ್ ಜಲಪಾತ ಗಡಿಗೆ ಹತ್ತಿರವಿರುವುದರಿಂದ ಅಲ್ಲಿ ಫೋನ್ ಒಮ್ಮೆ ಜರ್ಮನ್ ಜಾಲವನ್ನು, ಒಮ್ಮೆ ಸ್ವಿಸ್ ಜಾಲವನ್ನು ಹಿಡಿಯಬಹುದು. ವಾಡುಜ್‌ನಲ್ಲಂತೂ ನಿಯಮದ ರಕ್ಷಣೆ ಇರುವ ದೇಶದಲ್ಲಿ ನಿಂತಿದ್ದರೂ ರೈನ್ ನದಿಯಾಚೆಯ ಸ್ವಿಸ್ ಗೋಪುರಕ್ಕೆ ಫೋನ್ ಅಂಟಿಕೊಳ್ಳಬಹುದು. ಜಾಲದ ಹೆಸರನ್ನು ಕೈಯಾರೆ ಆರಿಸುವುದು ಹೇಗೆಂದು ಇದೇ ಸಮಯದಲ್ಲಿ ತೋರಿಸುತ್ತೇನೆ.

ಈ ಸೀಟಿನಿಂದ ಸೀಟಿಗೆ ನಡೆಯುವ ಕೆಲಸದಲ್ಲಿ ಪದೇ ಪದೇ ಕಾಣುವ ತೊಡಕು ಒಂದಿದೆ. ದಾವಣಗೆರೆಯ ಹಿರಿಯರೊಬ್ಬರು ಫೋನ್ ಮುಂದೆ ಹಿಡಿದು, "ನೋಡಪ್ಪಾ, ಮಗ ಇ-ಸಿಮ್ ಹಾಕಿಕೊಟ್ಟಿದ್ದಾನೆ, ಕಡ್ಡಿಗಳೆಲ್ಲ ತುಂಬಿವೆ, ಮೊಮ್ಮಗಳ ಮುಖ ಮಾತ್ರ ಬರುತ್ತಿಲ್ಲ" ಎಂದರು. ಮಗ ಬೆಂಗಳೂರಿನಲ್ಲಿ ಕಾಳಜಿಯಿಂದಲೇ "ಅಪ್ಪಾ, ಡೇಟಾ ರೋಮಿಂಗ್ ಮುಟ್ಟಬೇಡಿ, ಸಾವಿರಾರು ರೂಪಾಯಿ ಬಿಲ್ ಬರುತ್ತದೆ" ಎಂದು ಹೇಳಿ ಕಳಿಸಿದ್ದ. ಆ ಎಚ್ಚರಿಕೆ ಭಾರತದ ಸಿಮ್‌ಗೆ ಸರಿ. ಆದರೆ ಪ್ರವಾಸದ ಇ-ಸಿಮ್‌ಗಳಲ್ಲಿ ಹೆಚ್ಚಿನವು ತಾವೇ ಬೇರೆ ದೇಶದ ಸಿಮ್‌ಗಳು, ಎಲ್ಲಿ ಹೋದರೂ ರೋಮಿಂಗ್‌ನಲ್ಲೇ ಕೆಲಸ ಮಾಡುತ್ತವೆ. ಇ-ಸಿಮ್‌ನ ಸಾಲಿನಲ್ಲಿ ಡೇಟಾ ರೋಮಿಂಗ್ ತೆರೆದು, ಭಾರತದ ಸಿಮ್‌ನ ಸಾಲಿನಲ್ಲಿ ಮುಚ್ಚಿ, ಮೊಬೈಲ್ ಡೇಟಾಗೆ ಇ-ಸಿಮ್ಮನ್ನೇ ಆರಿಸಿದೆವು. ಅರ್ಧ ನಿಮಿಷದಲ್ಲಿ ಮಗು ಪರದೆಯ ಮೇಲೆ ಬಂತು. ಒಂದೇ ಹೆಸರಿನ ಎರಡು ಗುಂಡಿಗಳು ಒಂದೇ ಫೋನಿನಲ್ಲಿ ಎರಡು ವಿರುದ್ಧ ಸ್ಥಿತಿಯಲ್ಲಿರಬೇಕು ಎಂಬುದನ್ನು ಹಿರಿಯರಿಗೆ ಕೂತು ವಿವರಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸೂಚನೆ ಕಳಿಸಿದರೆ ಸಾಲದು, ನೆಟ್ ಇಲ್ಲದವರಿಗೆ ಅದು ತಲುಪುವುದೇ ಇಲ್ಲ.

ಅಂಗಡಿಯಲ್ಲಿ ಸಿಮ್ ಕೊಳ್ಳುವವರಿಗೆ ಇನ್ನೊಂದು ಮಾತು. ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಜಿಬಿ ಆ ಒಂದು ದೇಶದೊಳಗಿನದು. ಒಕ್ಕೂಟದ ಉಳಿದ ದೇಶಗಳಲ್ಲಿ ಸಿಗುವ ಪ್ರಮಾಣ ಸಣ್ಣ ಅಕ್ಷರದಲ್ಲಿರುತ್ತದೆ, ಹಲವು ಬಾರಿ ಅದು ತೀರಾ ಕಡಿಮೆ. ಬೇರೆ ದೇಶದ ಜಾಲ ಬಳಸಿದ್ದಕ್ಕೆ ಕಂಪನಿಗಳು ಪರಸ್ಪರ ಕೊಡಬೇಕಾದ ಸಗಟು ದರದ ಮಿತಿಯ ಮೇಲೆ ಈ ಪ್ರಮಾಣ ನಿರ್ಧಾರವಾಗುತ್ತದೆ. ಆ ಮಿತಿ 2022ರಲ್ಲಿ ಜಿಬಿಗೆ 2 ಯುರೊ ಇತ್ತು, ವರ್ಷದಿಂದ ವರ್ಷಕ್ಕೆ ಇಳಿದು 2027ಕ್ಕೆ 1 ಯುರೊ ಆಗಬೇಕು. ಜರ್ಮನಿಯಲ್ಲಿ 2017ರಿಂದ ಪ್ರಿಪೇಯ್ಡ್ ಸಿಮ್‌ಗೂ ಗುರುತಿನ ಪರಿಶೀಲನೆ ಕಡ್ಡಾಯ. ಒಬ್ಬೊಬ್ಬರ ಪಾಸ್‌ಪೋರ್ಟ್ ನೋಡಿ ಮುಗಿಸುವಷ್ಟರಲ್ಲಿ ಇಡೀ ಬಸ್ಸು ಕಾದಿರಬೇಕಾಗುತ್ತದೆ. ಹಾಗಾಗಿ ಇ-ಸಿಮ್ ನಡೆಯುವ ಫೋನ್ ಇರುವವರು ಮನೆಯ ವೈಫೈನಲ್ಲೇ ಅದನ್ನು ಹಾಕಿಸಿಕೊಂಡು ಬರುವುದು ಎಲ್ಲರಿಗೂ ಒಳ್ಳೆಯದು.

ಭಾರತದ ಸಿಮ್ ತೆಗೆದು ಪರ್ಸಿನಲ್ಲಿಡುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬ್ಯಾಂಕಿನ ಒಟಿಪಿ ಬರುವುದು ಆ ಸಂಖ್ಯೆಗೆ. ಯುಪಿಐ ಆ್ಯಪ್‌ಗಳೂ ಆ ಸಿಮ್‌ಗೆ ಕಟ್ಟಿಕೊಂಡಿವೆ. 2024ರ ಫೆಬ್ರವರಿಯಿಂದ ಐಫೆಲ್ ಗೋಪುರದ ಟಿಕೆಟ್‌ಗೂ ಯುಪಿಐ ನಡೆಯುತ್ತದೆ ಎಂದು ಕೇಳಿ ಉತ್ಸಾಹದಿಂದ ಬರುವವರಿದ್ದಾರೆ, ಅವರಿಗಂತೂ ಸಿಮ್ ಫೋನಿನಲ್ಲೇ ಇರಬೇಕು. ಎಸ್‌ಎಂಎಸ್ ಬರಲು ಡೇಟಾ ಬೇಕಿಲ್ಲ, ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ಚಾಲನೆಯಲ್ಲಿದ್ದರೆ ಸಾಕು. ನಿಮ್ಮ ಪ್ಲಾನ್‌ನಲ್ಲಿ ಅದಕ್ಕೆ ಏನು ಮಾಡಬೇಕೆಂದು ಊರಿನಲ್ಲೇ ಕೇಳಿಕೊಳ್ಳಿ.

ಸಿಮ್ ಇರಬೇಕಾದ ಇನ್ನೊಂದು ಕಾರಣ ತುರ್ತು ಕರೆ. ಯುರೋಪಿನಲ್ಲಿ ತುರ್ತಿಗೆ 112. ನಿಮ್ಮ ಸಿಮ್‌ಗೆ ಸ್ವಂತ ಜಾಲ ಸಿಗದಿದ್ದರೂ ಸುತ್ತಲಿರುವ ಯಾವುದೇ ಜಾಲ ಆ ಕರೆಯನ್ನು ಒಯ್ಯುತ್ತದೆ. ಆದರೆ ಜರ್ಮನಿಯಲ್ಲಿ 2009ರಿಂದ ಸಿಮ್ ಇಲ್ಲದ ಫೋನಿನಿಂದ 112ಕ್ಕೆ ಕರೆ ಹೋಗುವುದಿಲ್ಲ. ವಯಸ್ಸಾದವರು, ಹೃದಯದ ತೊಂದರೆ ಇರುವವರು ನಮ್ಮ ಬಸ್ಸಿನಲ್ಲಿ ಇದ್ದೇ ಇರುತ್ತಾರೆ. ಈ ಮಾತನ್ನು ಸಭೆಯಲ್ಲಿ ಎರಡು ಸಲ ಹೇಳುತ್ತೇನೆ.

ಬಸ್ಸಿನ ವೈಫೈ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಚಾಲಕನ ಬಳಿಯ ರೂಟರ್‌ನಲ್ಲೂ ಇರುವುದು ಒಂದು ಸಿಮ್ಮೇ. ಒಂದು ನಲ್ಲಿಗೆ ಇಡೀ ವಠಾರ ಕೊಡ ಹಿಡಿದು ನಿಂತಂತೆ ಬಸ್ಸಿನವರೆಲ್ಲ ಅದನ್ನೇ ಹಂಚಿಕೊಳ್ಳಬೇಕು. ಮೇಲಾಗಿ ಆ ಸಿಮ್‌ಗೂ ಗಡಿಯ ಅದೇ ನಿಯಮ. ಸ್ವಿಟ್ಜರ್‌ಲೆಂಡ್ ಪ್ರವೇಶಿಸುವಾಗ ಚಾಲಕರು ರೂಟರ್ ಆಫ್ ಮಾಡುವುದನ್ನು ನೋಡಿದ್ದೇನೆ. ಖರ್ಚು ಅವರ ಕಂಪನಿಯ ತಲೆಯ ಮೇಲೆ ಬರುವುದರಿಂದ ಅವರನ್ನು ದೂರುವಂತಿಲ್ಲ. ಯುರೋಪಿನ ಕಾನೂನಿನಂತೆ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ಹೆದ್ದಾರಿಯ ವಿಶ್ರಾಂತಿ ತಾಣದ ಆ 45 ನಿಮಿಷದಲ್ಲಿ ಅಲ್ಲಿನ ವೈಫೈ ಬಳಸಿ ಫೋಟೊಗಳನ್ನು ಕಳಿಸಿ, ವಿಡಿಯೊ ಕರೆ ಮುಗಿಸಿ ಎನ್ನುತ್ತೇನೆ. ಕೆಲವು ಕಡೆ ವೈಫೈ ತೆರೆಯಲೂ ಮೊಬೈಲ್‌ಗೆ ಸಂಕೇತಸಂಖ್ಯೆ ಬರಬೇಕು, ಅಲ್ಲೂ ಭಾರತದ ಸಿಮ್ಮೇ ಕೈಹಿಡಿಯುತ್ತದೆ.

ಬ್ರಿಟನ್‌ನಿಂದ ಪ್ರವಾಸ ಆರಂಭವಾದರೆ ಡೋವರ್‌ನಿಂದ ಕ್ಯಾಲೇಗೆ ಬಸ್ಸನ್ನೇ ಹಡಗಿಗೆ ಹತ್ತಿಸುತ್ತಾರೆ. ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಮೊಬೈಲ್ ಜಾಲ ಇರಬಹುದು, ಅದರ ದರಕ್ಕೆ ನೆಲದ ಮೇಲಿನ ಯಾವ ಪ್ಯಾಕೂ ಅನ್ವಯಿಸುವುದಿಲ್ಲ. ಹಡಗಿನಲ್ಲಿ ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ವೆನಿಸ್‌ನ ಓಣಿಯಲ್ಲಿ ಒಬ್ಬರು ಗುಂಪಿನಿಂದ ಬೇರೆಯಾದರೆ, ಅವರ ಫೋನಿನ ಬ್ಯಾಟರಿ ಆಗಲೇ ಮುಗಿದಿರುತ್ತದೆ. ಅದಕ್ಕಾಗಿ ಎಲ್ಲರ ಕೊರಳ ಚೀಲದಲ್ಲಿ ಒಂದು ಚೀಟಿ ಇಡಿಸುತ್ತೇನೆ: ಅಂದಿನ ಹೋಟೆಲ್‌ನ ವಿಳಾಸ, ನನ್ನ ಸಂಖ್ಯೆ ಪ್ಲಸ್ 91ರ ಸಮೇತ, ಸೇರಬೇಕಾದ ಜಾಗ ಮತ್ತು ಸಮಯ. ಆಯಾ ನಗರದ ನಕ್ಷೆಯನ್ನು ಹಿಂದಿನ ರಾತ್ರಿ ಹೋಟೆಲ್ ವೈಫೈನಲ್ಲಿ ಫೋನಿಗೆ ಇಳಿಸಿಕೊಳ್ಳುವಂತೆಯೂ ಹೇಳುತ್ತೇನೆ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ಇಳಿಸಿದ ನಕ್ಷೆಯ ಮೇಲೆ ನೀಲಿ ಚುಕ್ಕೆ ತಾನಾಗಿ ನಡೆಯುತ್ತದೆ.

ನಮ್ಮ ವೃತ್ತಿಯವರಲ್ಲಿ ನನ್ನದೊಂದು ಕೋರಿಕೆ. ಪ್ರವಾಸದ ಕರಪತ್ರಗಳಲ್ಲಿ 'ವೈಫೈ ಸೌಲಭ್ಯವಿರುವ ಬಸ್' ಎಂದಷ್ಟೇ ಅಚ್ಚು ಹಾಕುತ್ತೇವೆ. ಅದರ ಕೆಳಗೆ ಯಾವ ದೇಶಗಳಲ್ಲಿ ಎಂಬ ಒಂದು ಸಾಲು ಸೇರಿಸೋಣ, ಸಿಮ್ ನಾವೇ ಕೊಡುವುದಾದರೆ ಅದರ ದೇಶಗಳ ಪಟ್ಟಿಯನ್ನೂ ಮುಂಗಡ ಹಣ ಪಡೆಯುವ ದಿನವೇ ಕೈಗಿಡೋಣ.