ಹಣೆಗೆ ಎಣ್ಣೆ, ನೋವಿಗೆ ಮಾರ್ಫಿನ್

ದಾವಣಗೆರೆಯ ಆಸ್ಪತ್ರೆಗಳಿಗೆ ಸುತ್ತಲಿನ ಜಿಲ್ಲೆಗಳಿಂದ ಬರುವ ರೋಗಿಗಳಲ್ಲಿ ನಮ್ಮ ಕಥೋಲಿಕ ಕುಟುಂಬಗಳವರೂ ಇರುತ್ತಾರೆ. ಹರಿಹರದಿಂದಲೋ ಚಿತ್ರದುರ್ಗದಿಂದಲೋ ಬಂದು, ತೀವ್ರ ನಿಗಾ ಘಟಕದ ಹೊರಗೆ ಚಾಪೆ ಹಾಸಿಕೊಂಡು ಕಾಯುವ ಅವರನ್ನು ನೋಡಿಬರಲು ಹೋದಾಗಲೆಲ್ಲ, ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೆ ಗುರುಗಳನ್ನು (ಪಾದ್ರಿಗಳನ್ನು) ಕರೆಸೋಣವೇ ಎಂದು ಕೇಳಿದರೆ ಮನೆಯವರ ಮುಖ ಕಪ್ಪಿಡುವುದನ್ನು ಕಂಡಿದ್ದೇನೆ. "ಈಗಲೇ ಬೇಡ, ಅಪ್ಪ ಹೆದರಿಕೊಳ್ತಾರೆ" ಎನ್ನುತ್ತಾರೆ. ಅದೇ ಮನೆಯವರು, ವೆಂಟಿಲೇಟರ್ ಹಾಕಬೇಕೆಂದು ವೈದ್ಯರು ಹೇಳಿದೊಡನೆ, ಬೇಡವೆಂದರೆ ಪಾಪ ತಟ್ಟೀತೆಂದು ಮರುಮಾತಿಲ್ಲದೆ ಸಹಿ ಹಾಕುತ್ತಾರೆ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಬೋಧನೆಯಾದರೋ ಈ ಎರಡು ವಿಷಯಗಳಲ್ಲೂ ನಾವು ಅಂದುಕೊಂಡಿರುವುದಕ್ಕಿಂತ ಬೇರೆಯೇ ಆಗಿದೆ.

ಎಣ್ಣೆಯ ಭಯಕ್ಕೆ ಕಾರಣವಿಲ್ಲದಿಲ್ಲ. ಶತಮಾನಗಳ ಕಾಲ ಈ ಸಂಸ್ಕಾರವನ್ನು ಕೊನೆಯುಸಿರಿನ ಗಳಿಗೆಗೇ ಮೀಸಲಿಟ್ಟು ನಮ್ಮ ಅಜ್ಜಂದಿರಿಗೆ ಆ ಭಯವನ್ನು ಕಲಿಸಿದ್ದು ಧರ್ಮಸಭೆಯೇ. ಇದು ಸಾಯುವವರಿಗೆ ಮಾತ್ರವಲ್ಲವೆಂದು ಲೋಕದ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸ್ಪಷ್ಟಪಡಿಸಿತು. 1972ರ ನವೆಂಬರ್ 30ರಂದು ಜಗದ್ಗುರು (ಪೋಪ್) ಆರನೇ ಪೌಲ್ ವಿಧಿಯನ್ನೇ ಬದಲಿಸಿದರು. ಮೊದಲು ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲುಗಳಿಗೆಲ್ಲ ಹಚ್ಚಿ, ಆ ಇಂದ್ರಿಯಗಳಿಂದಾದ ಪಾಪಗಳಿಗೆ ಕ್ಷಮೆ ಬೇಡುತ್ತಿದ್ದರು. ಈಗ ಗುರುಗಳು ಮೊದಲು ಮಾತಿಲ್ಲದೆ ರೋಗಿಯ ತಲೆಯ ಮೇಲೆ ಕೈಯಿರಿಸುತ್ತಾರೆ. ಆಮೇಲೆ ಹಣೆಗೂ ಎರಡು ಕೈಗಳಿಗೂ ಎಣ್ಣೆ ಹಚ್ಚಿ, ಪ್ರಭು ನಿನ್ನನ್ನು ಉದ್ಧರಿಸಿ ಮೇಲೆಬ್ಬಿಸಲಿ ಎಂಬರ್ಥದ ಪ್ರಾರ್ಥನೆ ಹೇಳುತ್ತಾರೆ. ಓಲಿವ್ ಎಣ್ಣೆ ಸಿಗದ ಕಡೆ ಬೇರೆ ಸಸ್ಯದ ಎಣ್ಣೆಯಾದರೂ ಆಗಬಹುದೆಂದು ಆಗಲೇ ಅನುಮತಿ ದೊರೆಯಿತು. ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು, ಮುಪ್ಪಿನಿಂದ ತೀರಾ ನಿತ್ರಾಣವಾದಾಗ, ಗುಣವಾಗಿ ಮತ್ತೆ ಕಾಯಿಲೆ ಬಿದ್ದಾಗ, ಹೀಗೆ ಒಬ್ಬರೇ ಇದನ್ನು ಎಷ್ಟು ಸಲವಾದರೂ ಪಡೆಯಬಹುದು.

ನನಗೆ ವಿಚಿತ್ರವೆನಿಸುವುದೆಂದರೆ, ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಬಸಿಲಿಕಾಕ್ಕೆ ಕಾಯಿಲೆಯವರನ್ನು ಕೈಹಿಡಿದು ನಡೆಸಿಕೊಂಡು ಹೋಗುವ ನಾವೇ, ಅದೇ ಆರೋಗ್ಯವನ್ನು ಬೇಡುವ ಸಂಸ್ಕಾರ ಹಾಸಿಗೆಯ ಬಳಿಗೆ ಬಂದರೆ ಯಮದೂತನನ್ನು ಕಂಡಂತೆ ಬೆದರುತ್ತೇವೆ.

ನೋವಿನ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ರೋಗಿಯನ್ನು ನೋಡಲು ಬಂದವರು ಕಿತ್ತಳೆಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, "ಯೇಸುವಿನ ಶಿಲುಬೆಯಲ್ಲಿ ನಿಮ್ಮದೂ ಒಂದು ಪಾಲು ಅಂದುಕೊಳ್ಳಿ" ಎಂದು ಹೇಳಿ ಹೋಗುವುದುಂಟು. ಈ ಮಾತಿಗೆ ಆಧಾರವಿದೆ: 1984ರ ಫೆಬ್ರವರಿ 11ರಂದು ಜಗದ್ಗುರು ಎರಡನೇ ಜಾನ್ ಪಾಲ್ ಬರೆದ ಪ್ರೇಷಿತ ಪತ್ರ, ಸಂತ ಪೌಲನ ಮಾತನ್ನು ಹಿಡಿದು, ಮನುಷ್ಯನ ನೋವು ಕ್ರಿಸ್ತನ ನೋವಿನೊಂದಿಗೆ ಕೂಡಬಲ್ಲುದೆಂದು ಬೋಧಿಸುತ್ತದೆ. ಆದರೆ ಆ ಅರ್ಪಣೆಯನ್ನು ನೋಯುತ್ತಿರುವವನೇ ಮಾಡಬೇಕಲ್ಲದೆ, ಮೈ ನೋಯದವರು ಅವನ ಪರವಾಗಿ ಮಾಡಿಬಿಡುವಂತಿಲ್ಲ. ನೋಡಲು ಬಂದವರ ಪಾಲಿಗೆ ಅದೇ ಪತ್ರ ಇಡುವುದು ಒಳ್ಳೆಯ ಸಮಾರ್ಯನ ಕಥೆಯನ್ನು, ಅಂದರೆ ಗಾಯ ಕಟ್ಟುವ ಕೆಲಸವನ್ನು.

ಆದ್ದರಿಂದ ಕ್ಯಾನ್ಸರಿನ ಕೊನೆಯ ಹಂತದಲ್ಲಿರುವ ತಾಯಿಗೆ ಮಾರ್ಫಿನ್ ಕೊಡಿಸಲು ಹಿಂಜರಿಯುವ ಮಕ್ಕಳು, ಆ ಹಿಂಜರಿಕೆಗೆ ಧರ್ಮದ ಹೆಸರು ಹೇಳಬಾರದು. ನೋವು ಶಮನವೇ ಉದ್ದೇಶವಾಗಿದ್ದು ಬೇರೆ ದಾರಿಯಿಲ್ಲದಿದ್ದರೆ, ಆಯುಸ್ಸು ತುಸು ಕಡಿಮೆಯಾಗಬಹುದಾದರೂ ಅಂಥ ಔಷಧ ಕೊಡಬಹುದೆಂದು ಜಗದ್ಗುರು ಹನ್ನೆರಡನೇ ಪಿಯುಸ್ 1957ರಲ್ಲೇ ವೈದ್ಯರಿಗೆ ಉತ್ತರಿಸಿದ್ದರು. ನಮ್ಮ ದೇಶದಲ್ಲಿ ಮಾದಕವಸ್ತು ಕಾನೂನಿನ ಬಿಗಿಯಿಂದಾಗಿ ಮಾರ್ಫಿನ್ ದುರ್ಲಭವಾಗಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು.

ವೆಂಟಿಲೇಟರಿನ ಪ್ರಶ್ನೆಗೂ ಉತ್ತರವಿದೆ. ಪ್ರಾಣ ತೆಗೆಯುವ ಉದ್ದೇಶದ ಯಾವ ಕ್ರಿಯೆಯನ್ನೂ ಧರ್ಮಸಭೆ ಒಪ್ಪುವುದಿಲ್ಲ. ಆದರೆ ಫಲಕ್ಕೆ ಮೀರಿದ ಹೊರೆಯಾಗುವ ಚಿಕಿತ್ಸೆಯನ್ನು ನಿರಾಕರಿಸುವುದು ಕೊಲ್ಲುವುದಲ್ಲ, ತಡೆಯಲಾಗದ ಸಾವನ್ನು ಒಪ್ಪಿಕೊಳ್ಳುವುದಷ್ಟೇ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2278ನೇ ಪರಿಚ್ಛೇದ ಹೇಳುತ್ತದೆ. ದೇಹ ಸ್ವೀಕರಿಸುವವರೆಗೆ ಅನ್ನ, ನೀರು, ಶುಚಿತ್ವ, ಜೊತೆಗಿರುವುದು ಮಾತ್ರ ನಿಲ್ಲಬಾರದು. ವ್ಯರ್ಥವಾದ ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆಯಲು ಸುಪ್ರೀಂ ಕೋರ್ಟ್ 2018ರಲ್ಲಿ ಷರತ್ತುಗಳೊಂದಿಗೆ ಅವಕಾಶ ಕೊಟ್ಟಿದೆ. ಆದರೂ ರಾತ್ರಿ ಎರಡು ಗಂಟೆಗೆ ಕಾಗದ ಮುಂದಿಟ್ಟಾಗ ಇದೆಲ್ಲ ಯಾರಿಗೂ ನೆನಪಾಗದು. ಹಾಗಾಗಿ ರೋಗಿಗೆ ಮಾತು ಇರುವಾಗಲೇ, ಅವರನ್ನೇ ಕೇಳಿ ಮಾತಾಡಿಕೊಂಡಿರುವುದು ಒಳ್ಳೆಯದು. ಧರ್ಮಕೇಂದ್ರಗಳಲ್ಲಿ ಮದುವೆಗೆ ಮುಂಚೆ ತರಬೇತಿ ನಡೆಸುವ ನಾವು ಇದಕ್ಕೆ ಒಂದು ಭಾನುವಾರವನ್ನೂ ಮೀಸಲಿಡದಿರುವುದು ಸರಿಯೆಂದು ನನಗನ್ನಿಸುವುದಿಲ್ಲ.

ತಡಮಾಡಿದರೆ ಆಗುವ ನಷ್ಟ ಇನ್ನೊಂದಿದೆ. ಸಾಯುವವರಿಗೆ ಕೊನೆಯ ಸಂಸ್ಕಾರವಾಗಿ ಧರ್ಮಸಭೆ ನೀಡುವುದು ಎಣ್ಣೆಯನ್ನಲ್ಲ, ಪಯಣದ ಆಹಾರವೆನಿಸಿದ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು. ಗಂಟಲಿಗೆ ಕೊಳವೆ ಇಳಿಸಿದ ಮೇಲೆ ಅದು ಸಾಧ್ಯವಾಗದು. ಪಾಪನಿವೇದನೆಗೆ ಬಾಯಿಯೂ ಬಾರದು.

ಈಗಾಗಲೇ ತಡವಾಗಿದ್ದರೂ ಕರೆಯಬಹುದು. ಹಿಂದೆ ಈ ಸಂಸ್ಕಾರವನ್ನು ಬಯಸುತ್ತಿದ್ದವರಾದರೆ, ಪ್ರಜ್ಞೆಯಿಲ್ಲದಿದ್ದರೂ ಎಣ್ಣೆ ಹಚ್ಚುತ್ತಾರೆ. ಹಣೆಗೆ ಬ್ಯಾಂಡೇಜು ಸುತ್ತಿದ್ದರೆ ದೇಹದ ಬೇರೆ ಭಾಗಕ್ಕೆ ಒಂದೇ ಸಲ ಹಚ್ಚಿದರೂ ಸಾಕು. ಡ್ಯೂಟಿ ನರ್ಸಿಗೆ ಮೊದಲೇ ಹೇಳಿಟ್ಟರೆ ಸಂದರ್ಶನದ ವೇಳೆಗಾಗಿ ಗುರುಗಳು ಕಾಯಬೇಕಾಗಿ ಬರುವುದಿಲ್ಲ. ಕಾಯಿಲೆಯ ತುರ್ತಿದ್ದಾಗ ಎಲ್ಲ ವಿಧಿಯೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.