ಕೈಲಾಸಂ ಸಿಕ್ಕಿದ್ದು ಮೆಟ್ರೋದಲ್ಲಿ

ಬೆಂಗಳೂರಿಗೆ ಹೋಗಿದ್ದು ಮಾವನ ಕನ್ನಡಕ ಬದಲಾಯಿಸೋಕೆ. ಆ ಕೆಲಸ ಅರ್ಧ ಗಂಟೆಯದ್ದು. ಉಳಿದ ದಿನವೆಲ್ಲ ಟಿ.ಪಿ. ಕೈಲಾಸಂ ಪಾಲಾಯಿತು.

ತಪ್ಪು ಗುಬ್ಬಿ ಸ್ಟೇಷನ್ನಿನದು. ತಿಪಟೂರಿನಲ್ಲಿ ಹತ್ತಿದ ರೈಲು ಅಲ್ಲಿ ನಿಂತಾಗ ಮಾವ ಶುರು ಮಾಡಿದರು. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ಕೈಲಾಸಂ ಹುಟ್ಟಿದ್ದೂ ಅದೇ ವರ್ಷ. ಕಂಪನಿ ನಾಟಕ ಅಂದರೆ ಕಿರೀಟ, ಗದೆ, ಹಾರ್ಮೋನಿಯಂ. ಈ ಮನುಷ್ಯ ಅದೆಲ್ಲ ಬಿಟ್ಟು ಪಡಸಾಲೆಯ ಕುರ್ಚಿ ಮೇಲೆ ಕೂತು ಜಗಳ ಆಡುವವರನ್ನು ರಂಗದ ಮೇಲೆ ತಂದರು. ತಂದೆ ಜಡ್ಜ್, ಮನೆಮಾತು ತಮಿಳು, ಲಂಡನ್ನಿನಲ್ಲಿ ಓದಿದ್ದು ಭೂವಿಜ್ಞಾನ. ಸರ್ಕಾರಿ ಕೆಲಸ ಸಿಕ್ಕಿತ್ತು, ಅದನ್ನೂ ಬಿಟ್ಟರು. ಈಗಿನ ಕಾಲದಲ್ಲಾಗಿದ್ದರೆ ಯಾರೂ ಹೆಣ್ಣು ಕೊಡ್ತಿರಲಿಲ್ಲ ಅಂತ ಮಾವ ನಕ್ಕರು.

ಮೆಜೆಸ್ಟಿಕ್‌ನಿಂದ ಮೆಟ್ರೋ ಹತ್ತಿದೆವು. ಎದುರು ನಿಂತಿದ್ದ ಹೆಂಗಸು ಫೋನಿನಲ್ಲಿ, 'ಮಂಡೇ ಟೆಸ್ಟ್ ಇದೆ, ಟ್ಯೂಷನ್ ಮುಗಿಸ್ಕೊಂಡು ಡೈರೆಕ್ಟ್ ಮನೆಗೆ ಬಾ, ಸುಮ್ನೆ ಟೈಮ್ ವೇಸ್ಟ್ ಮಾಡ್ಬೇಡ' ಅಂತ ಮಗನಿಗೆ ಗದರುತ್ತಿದ್ದರು. ಮಾವ ನನ್ನ ಮೊಣಕೈ ತಿವಿದರು. 'ಟೊಳ್ಳುಗಟ್ಟಿ' ನೆನಪಾಗಿತ್ತು ಅವರಿಗೆ. 1918ರ ನಾಟಕ ಅದು. ಉರು ಹೊಡೆದು ಪಾಸಾಗುವ ಪುಟ್ಟು, ಪರೀಕ್ಷೆಯಲ್ಲಿ ದಡ್ಡನಾದರೂ ಮನೆಗೆ ಆಗಿಬರುವ ಮಾಧು. ಇಂಗ್ಲಿಷ್ ಕಲಿತರೆ ಸರ್ಕಾರಿ ನೌಕರಿ ಅಂತ ಮೈಸೂರು ಸೀಮೆಯ ಮನೆಮನೆಯಲ್ಲೂ ಮಕ್ಕಳ ಬೆನ್ನು ಹತ್ತುತ್ತಿದ್ದ ಕಾಲ, ಆ ಇಂಗ್ಲಿಷ್ ಕಲಸಿದ ಕನ್ನಡವನ್ನೇ ಕೈಲಾಸಂ ನಾಟಕದ ಮಾತು ಮಾಡಿಬಿಟ್ಟರು.

ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿ ಕೆದಕಿ ಕೆದಕಿ ಕೈಯೆಲ್ಲ ಧೂಳು. ಕೊನೆಗೆ 'ಟೊಳ್ಳುಗಟ್ಟಿ' ಸಿಕ್ಕಿತು, ರಟ್ಟಿಲ್ಲ, ಕೊನೆಯ ಹಾಳೆಗಳೂ ಇಲ್ಲ. ಎಂಬತ್ತು ರೂಪಾಯಿ ಹೇಳಿದ, ಐವತ್ತಕ್ಕೆ ಕೊಟ್ಟ. ಇಷ್ಟಾದರೂ ಉಳಿದಿದೆಯಲ್ಲ ಅನ್ನಿಸಿತು, ಯಾಕಂದರೆ ಕೈಲಾಸಂ ತಾವಾಗಿ ಬರೆದಿದ್ದು ಕಮ್ಮಿ. ಅವರು ಹೇಳುತ್ತಾ ಹೋಗುವುದು, ಸ್ನೇಹಿತರು ಬರೆದುಕೊಳ್ಳುವುದು.

ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಮುಂದೆ ಎರಡು ನಿಮಿಷ ನಿಂತೆವು. 1945ರಲ್ಲಿ ಮದ್ರಾಸಿನ ಸಮ್ಮೇಳನಕ್ಕೆ ಅವರು ಅಧ್ಯಕ್ಷರು, ಮರುವರ್ಷ ಇಲ್ಲೇ ಬೆಂಗಳೂರಿನಲ್ಲಿ ತೀರಿಕೊಂಡರು. ಜನಕ್ಕೆ ಅವರ ಜೋಕುಗಳೇ ಜಾಸ್ತಿ ನೆನಪಿರೋದು. ನನಗದು ಬೇಜಾರು. ಜಾತಿಯವರು ಒಂದು ಮನೆಯನ್ನೇ ಹೊರಗಿಡಬಹುದಾಗಿದ್ದ ದಿನಗಳಲ್ಲಿ 'ಬಹಿಷ್ಕಾರ' ಬರೆದವರೂ ಅವರೇ ಅಲ್ವಾ?

ಸಂಜೆ ಗಾಂಧಿಬಜಾರಿನಲ್ಲಿ ಮಸಾಲೆ ದೋಸೆ. ಕಾಲೇಜಿನಲ್ಲಿ ಮಾಧು ಪಾತ್ರ ಮಾಡಿದ್ದರಂತೆ ಮಾವ. ಹರಿದುಹೋದ ಪುಟಗಳ ಮಾತು ನನಗೆ ಬಾಯಿಗೆ ಬರುತ್ತೆ ಅಂತ, ಹೊಸ ಕನ್ನಡಕ ತೆಗೆದಿಟ್ಟು ಶುರು ಮಾಡಿಯೇಬಿಟ್ಟರು. ಪಕ್ಕದ ಟೇಬಲ್ಲಿನವರು ತಿನ್ನೋದು ಬಿಟ್ಟು ಇತ್ತ ತಿರುಗಿದರು. ಮಾವನ ದನಿ ಇನ್ನಷ್ಟು ಏರಿತು. ನಮ್ಮ ಕುರ್ಚಿ ಯಾವಾಗ ಖಾಲಿಯಾಗುತ್ತೋ ಅಂತ ಬೆನ್ನ ಹಿಂದೆಯೇ ನಿಂತಿದ್ದ ಹುಡುಗ ಮಾತ್ರ ಮಾಣಿಯ ಮುಖ ನೋಡಿದ. ಮಾಣಿ ಬಂದು ಕೇಳಿದ, 'ಸಾರ್, ಕಾಫಿ ಆಯ್ತಾ?'